ಕಪ್ಪು ಕಳಚಿದ ಅಲಗು

ನ್ಯೂಯಾರ್ಕ್ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಮ್ಯಾನ್‌ಹ್ಯಾಟನ್ನಿನ ಗಗನಚುಂಬಿಗಳು. ಅದೇ ರಾಜ್ಯದ ಪಶ್ಚಿಮಕ್ಕೆ, ಪೆನ್ಸಿಲ್ವೇನಿಯಾ ಗಡಿಯ ಪಕ್ಕದಲ್ಲಿ, ಅಲಿಗೇನಿ ನದಿಯ ದಂಡೆಯ ಮೇಲೆ ಓಲಿಯನ್ ಎಂಬ ಸಣ್ಣ ಊರಿದೆ. ಚಾಕು ಕತ್ತಿಗಳ ಗೀಳು ಹತ್ತಿದವರಿಗೆ ಆ ಊರು ಚೆನ್ನಾಗಿ ಗೊತ್ತು. ಕಾ-ಬಾರ್ ಕಂಪನಿ ಅಲ್ಲಿಯದು. 1942ರ ಕೊನೆಗೆ ಅಮೆರಿಕದ ಮರೀನ್ ಪಡೆ ಒಪ್ಪಿಕೊಂಡ ಯುದ್ಧದ ಚಾಕುವನ್ನು ಹಲವು ಕಂಪನಿಗಳು ತಯಾರಿಸಿದರೂ ಸೈನಿಕರ ಬಾಯಲ್ಲಿ ಉಳಿದದ್ದು ಕಾ-ಬಾರ್ ಎಂಬ ಒಂದೇ ಹೆಸರು. ಬಿಸಿಲಿಗೆ ಮಿನುಗಿ ಶತ್ರುವಿಗೆ ಸುಳಿವು ಕೊಡಬಾರದೆಂದು ಅದರ ಅಲಗಿಗೆ ಫಾಸ್ಫೇಟಿನ ಮಂಕು ಲೇಪ ಕೊಟ್ಟಿದ್ದರು. ಹೊರಾಂಗಣದ ಹಲವು ಅಮೆರಿಕನ್ ಚಾಕುಗಳು ಇವತ್ತಿಗೂ ಕಪ್ಪು ಅಂಗಿ ತೊಟ್ಟೇ ಅಂಗಡಿಗೆ ಬರುವುದಕ್ಕೆ ಆ ಕಾಲದ ರೂಢಿಯೂ ಒಂದು ಕಾರಣ.

ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆಯಿಂದ ಹೊರಟು, ಕೆಲಸದ ಬೆನ್ನು ಹತ್ತಿ ರಾಚೆಸ್ಟರ್ ಸೇರಿದ್ದ ಎಂಜಿನಿಯರ್ ಒಬ್ಬನ ಕೈಗೆ ಓಲಿಯನ್ನಿನ ಚಾಕು ಬಂದದ್ದು, ಅಲಿಗೇನಿ ಸ್ಟೇಟ್ ಪಾರ್ಕಿನಲ್ಲಿ ಟೆಂಟ್ ಹಾಕಿ ರಾತ್ರಿ ಕಳೆಯುವ ಹುಚ್ಚು ಹತ್ತಿದ ಮೇಲೆ. ಸುಮಾರು 65 ಸಾವಿರ ಎಕರೆಯ ಆ ಕಾಡು ಓಲಿಯನ್ನಿಗೆ ಹತ್ತಿರದಲ್ಲೇ ಇದೆ. ಓಕ್, ಮೇಪಲ್, ಬ್ಲ್ಯಾಕ್ ಚೆರ್ರಿ ಮರಗಳ ಕಾಡು. ಅಲ್ಲಿ ಬೆಂಕಿ ಹಾಕಬೇಕೆಂದರೆ ಸೌದೆ ಸೀಳಲೇಬೇಕು. ಅವನು ಕೊಂಡದ್ದು ಬೆಕರ್ ಬಿಕೆ2 ಎಂಬ ಮಾದರಿ. ಅಲಗಿನ ಉದ್ದ ಐದೂಕಾಲು ಇಂಚು, ಬೆನ್ನಿನ ದಪ್ಪ ಕಾಲು ಇಂಚು, ತೂಕ ಅರ್ಧ ಕಿಲೋಗೆ ತುಸು ಕಡಿಮೆ. ಚಾಕುವೆನ್ನುವುದಕ್ಕಿಂತ ಗಿಡ್ಡ ಮಚ್ಚು ಎಂದರೇ ಸರಿ. ಸೌದೆಯ ತಲೆಗೆ ಅಲಗಿಟ್ಟು, ಬೆನ್ನಿಗೆ ಕೊರಡಿನಿಂದ ಬಡಿದು ಸೀಳಿದರೂ ಜಗ್ಗದ ಮಾಲು.

ಈ ಚಾಕುವಿನ ಹಿಂದೆ ಒಂದು ಅಡುಗೆಮನೆಯ ಕಥೆಯೂ ಇದೆ. ಗಂಡನನ್ನು ಕಳೆದುಕೊಂಡ ದುಃಖದಲ್ಲಿದ್ದ ಸೇಂಟ್ ಲೂಯಿಸ್ ನಗರದ ಇರ್ಮಾ ರೊಂಬೌವರ್ ಎಂಬ ಮಹಿಳೆ 1931ರಲ್ಲಿ ಸ್ವಂತ ದುಡ್ಡು ಹಾಕಿ ಒಂದು ಅಡುಗೆ ಪುಸ್ತಕ ಅಚ್ಚು ಹಾಕಿಸಿದರು. 3,000 ಪ್ರತಿ. ‘ದಿ ಜಾಯ್ ಆಫ್ ಕುಕಿಂಗ್’ ಎಂಬ ಆ ಪುಸ್ತಕ ಮುಂದೆ ಅಮೆರಿಕದ ಮನೆಮನೆಯನ್ನೂ ಹೊಕ್ಕಿತು. ಅವರ ಮೊಮ್ಮಗ ಈಥನ್ ಬೆಕರ್ ಪ್ಯಾರಿಸ್ಸಿನಲ್ಲಿ ಅಡುಗೆ ಕಲಿತು ಬಂದವರು, ಅಜ್ಜಿಯ ಪುಸ್ತಕದ ಪರಿಷ್ಕರಣೆಯಲ್ಲಿ ಕೈಜೋಡಿಸಿದವರು. ಬಿಕೆ2ರ ವಿನ್ಯಾಸ ಅವರದೇ. ಮೊದಲು ಬೇರೆ ಕಂಪನಿಗಳು ಅವರ ಚಾಕುಗಳನ್ನು ತಯಾರಿಸುತ್ತಿದ್ದವು. ಅದರಲ್ಲೊಂದಾದ ಕೆಮಿಲಸ್ 2007ರಲ್ಲಿ ಬಾಗಿಲು ಹಾಕಿದ ಮೇಲೆ ಅವು ಕಾ-ಬಾರ್ ಕೈಗೆ ಬಂದವು. ತರಕಾರಿ ಹೆಚ್ಚುವುದೂ ಸೌದೆ ಸೀಳುವುದೂ ಎರಡನ್ನೂ ಬಲ್ಲವರೊಬ್ಬರು ಇದನ್ನು ರೂಪಿಸಿದ್ದು ಎಂಬುದು ಆ ಎಂಜಿನಿಯರಿಗೆ ಚಾಕುವಿನ ತೂಕದಷ್ಟೇ ಹಿಡಿಸಿದ ಸಂಗತಿ.

ಹಿಡಿಸದೆ ಇದ್ದದ್ದು ಒಂದೇ, ಅದರ ಕಪ್ಪು ಬಣ್ಣ.

ಅದು ಕುಂಚದಲ್ಲಿ ಬಳಿದ ಬಣ್ಣವಲ್ಲ. ಎಪಾಕ್ಸಿಯ ಪುಡಿಯನ್ನು ವಿದ್ಯುತ್ತಿನ ಬಲದಿಂದ ಉಕ್ಕಿಗೆ ಅಂಟಿಸಿ, ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡಿದ ಪದರ. ಮುಟ್ಟಿದರೆ ತರಿತರಿ. ಒಳಗಿರುವುದು 1095 ಕ್ರೋ-ವ್ಯಾನ್ ಉಕ್ಕು: ನೂರಕ್ಕೆ ಹೆಚ್ಚುಕಡಿಮೆ ಒಂದು ಪಾಲು ಇಂಗಾಲ, ಅಷ್ಟಿಷ್ಟು ಕ್ರೋಮಿಯಂ, ಅಷ್ಟಿಷ್ಟು ವನೇಡಿಯಂ. ಉಕ್ಕು ಸ್ಟೇನ್‌ಲೆಸ್ ಅನ್ನಿಸಿಕೊಳ್ಳಬೇಕಾದರೆ ನೂರಕ್ಕೆ ಹತ್ತೂವರೆ ಪಾಲಾದರೂ ಕ್ರೋಮಿಯಂ ಬೇಕು. ಇದರಲ್ಲಿ ಅದರ ಹತ್ತಿರಕ್ಕೂ ಬರುವಷ್ಟಿಲ್ಲ. ನೀರು ಸೋಕಿದರೆ ತುಕ್ಕು ಖಚಿತ. ಹಾಗಾಗಿ ಕಂಪನಿ ಬಣ್ಣ ಹಾಕಿದ್ದರಲ್ಲಿ ತಪ್ಪೇನಿಲ್ಲ.

ವಿಡಿಯೋ ಕರೆಯಲ್ಲಿ ಚಾಕುವನ್ನು ತೋರಿಸಿದಾಗ ಊರಿನಲ್ಲಿದ್ದ ತಂದೆಯ ಮೊದಲ ಪ್ರಶ್ನೆ ಅದರ ಮೇಲೆಯೇ ಇತ್ತು. “ಬಣ್ಣ ಎಂತಕೆ ಅದಕ್ಕೆ? ಕಬ್ಬಿಣ ಕಾಣ್ಬಾರ್ದು ಅಂತನಾ?”

“ತುಕ್ಕು ಹಿಡೀಬಾರ್ದು ಅಂತ ಅಪ್ಪಯ್ಯ.”

“ತುಕ್ಕು ಹಿಡಿದ್ರೆ ಒರೆಸಿದ್ರಾಯ್ತಲ್ಲ ಮಾರಾಯ.”

ಅವರ ಸೊಂಟದ ಕೊಕ್ಕೆಯಲ್ಲಿ ತೂಗುತ್ತಿದ್ದ ಕತ್ತಿಗೆ ಬಣ್ಣ ಎಂಬುದು ಯಾವತ್ತೂ ಇರಲಿಲ್ಲ. ಊರಿನ ಆಚಾರಿ ಹಳೇ ಲಾರಿಯ ಸ್ಪ್ರಿಂಗ್ ಪ್ಲೇಟನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಹದ ಹಾಕಿ ಕೊಟ್ಟ ಕತ್ತಿ ಅದು. ಮೈತುಂಬ ಸುತ್ತಿಗೆಯ ಗುರುತು. ಬಾಯಿಯ ಹತ್ತಿರ ಮಾತ್ರ ಮಸೆದ ಬಿಳುಪು. ಉಕ್ಕು ಹೇಗಿದೆ, ಎಲ್ಲಿ ದಪ್ಪ, ಎಲ್ಲಿ ಸಣ್ಣಗೆ ಬಿರುಕು ಬಿಡುತ್ತಿದೆ ಎಂಬುದೆಲ್ಲ ನೋಡಿದ ಕೂಡಲೇ ತಿಳಿಯುತ್ತಿತ್ತು. ತಂದೆಯ ಪ್ರಶ್ನೆಯಲ್ಲಿ ಹಂಗಿಸುವ ದನಿ ಇರಲಿಲ್ಲ. ಆಯುಧದ ಮೈ ಮುಚ್ಚಿಡುವುದು ಯಾಕೆ ಎಂಬುದು ಅವರಿಗೆ ನಿಜಕ್ಕೂ ತಿಳಿದಿರಲಿಲ್ಲ.

ಸೌದೆ ಸೀಳುತ್ತ ಹೋದಂತೆ ಬಣ್ಣ ತಾನಾಗಿಯೇ ಕೆಡತೊಡಗಿತು. ಅಲಗಿನ ಕೆನ್ನೆಯ ಮೇಲೆ ಉದ್ದುದ್ದ ತರಚು. ತರಿತರಿ ಪದರ ಹಸಿ ಮರದಲ್ಲಿ ಕಚ್ಚಿಕೊಂಡು ಎಳೆದರೂ ಬರುತ್ತಿರಲಿಲ್ಲ. ಈರುಳ್ಳಿ, ಮಾಂಸ ಯಾವುದನ್ನೇ ಕೊಯ್ದರೂ ರಸ ಆ ತರಿಗಳ ನಡುವೆ ಕೂತು ತೊಳೆದರೂ ಹೋಗುತ್ತಿರಲಿಲ್ಲ. ಅರ್ಧ ಉದುರಿದ ಬಣ್ಣದಲ್ಲಿ ಇನ್ನೊಂದು ಕೇಡಿದೆ. ಉದುರಿದ ಜಾಗದ ಅಂಚಿನಿಂದ ತೇವ ಪದರದ ಅಡಿಗೆ ನುಗ್ಗುತ್ತದೆ, ತುಕ್ಕು ಅಲ್ಲಿ ಮರೆಯಲ್ಲಿ ಕೂತು ಬೆಳೆಯುತ್ತದೆ. ಬಣ್ಣವಿದ್ದರೆ ಪೂರ್ತಿ ಇರಬೇಕು, ಇಲ್ಲದಿದ್ದರೆ ಪೂರ್ತಿ ಹೋಗಬೇಕು. ಪೂರ್ತಿ ತೆಗೆಯುವುದೆಂದು ಅವನು ತೀರ್ಮಾನಿಸಿದ. ತೆಗೆದ ಮೇಲೆ ಕೈಯಿಂದಲೇ ತಿಕ್ಕಿ ಸ್ಯಾಟಿನ್ ಫಿನಿಶ್ ಕೊಡುವುದೆಂದೂ.

ಬೆಂದ ಎಪಾಕ್ಸಿ ಸುಲಭಕ್ಕೆ ಬಿಡುವುದಿಲ್ಲ. ಥಿನ್ನರ್, ಅಸಿಟೋನ್ ಅದಕ್ಕೆ ಲೆಕ್ಕಕ್ಕಿಲ್ಲ. ಒಂದು ಕಾಲದಲ್ಲಿ ಅಮೆರಿಕದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಮಿಥಿಲೀನ್ ಕ್ಲೋರೈಡ್ ಇರುವ ಸ್ಟ್ರಿಪ್ಪರ್ ಸಿಗುತ್ತಿತ್ತು. ಬಳಿದ ಸ್ವಲ್ಪ ಹೊತ್ತಿಗೇ ಬಣ್ಣ ಎದ್ದು ಬರುತ್ತಿತ್ತು. ಅದರ ಆವಿ ಮೈಗೆ ಹೋದರೆ ದೇಹದೊಳಗೇ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಸ್ನಾನದ ತೊಟ್ಟಿಯ ಬಣ್ಣ ತೆಗೆಯುತ್ತಿದ್ದ ಕೂಲಿಗಳು ಕೂತಲ್ಲೇ ಸತ್ತ ಪ್ರಕರಣಗಳನ್ನು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ 2012ರಲ್ಲಿ ದಾಖಲಿಸಿತು. 2019ರಲ್ಲಿ ಜನಸಾಮಾನ್ಯರಿಗೆ ಅದರ ಮಾರಾಟವೇ ನಿಂತಿತು. ನಿಲ್ಲಬೇಕಾದದ್ದೇ. ಒಂದು ಚಾಕುವಿನ ಅಂದಕ್ಕೆ ಶ್ವಾಸಕೋಶ ಒತ್ತೆ ಇಡುವುದರಲ್ಲಿ ಅರ್ಥವಿಲ್ಲ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಪೇಂಟ್ ರಿಮೂವರ್ ಡಬ್ಬಿ ಕೊಳ್ಳುವವರು ಮೇಲಿನ ಚೀಟಿಯಲ್ಲಿ ಈ ಹೆಸರಿದೆಯೇ ಎಂದು ಓದಿ ನೋಡುವುದು ಒಳ್ಳೆಯದು. ಡೈಕ್ಲೋರೋಮೀಥೇನ್ ಅಂತ ಬರೆದಿದ್ದರೂ ಅದೇ ವಸ್ತು.

ಅವನು ತಂದದ್ದು ಕಿತ್ತಳೆ ವಾಸನೆಯ, ನಿಧಾನಕ್ಕೆ ಕೆಲಸ ಮಾಡುವ ಜೆಲ್. ಅಲೆನ್ ಕೀಲಿಯಿಂದ ಸ್ಕ್ರೂ ಸಡಿಲಿಸಿ ಹಿಡಿಯ ಎರಡೂ ಹೋಳುಗಳನ್ನು ಬಿಚ್ಚಿಟ್ಟ. ಬಾಯಿಯ ಉದ್ದಕ್ಕೂ ದಪ್ಪ ಟೇಪು ಸುತ್ತಿದ. ಗ್ಯಾರೇಜಿನ ಬಾಗಿಲು ತೆರೆದಿಟ್ಟು, ಕೈಗವಸು ಹಾಕಿಕೊಂಡು, ಜೆಲ್ಲನ್ನು ಹಳೇ ಬ್ರಷ್ಷಿನಲ್ಲಿ ದಪ್ಪಗೆ ಮೆತ್ತಿ, ಒಣಗದ ಹಾಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ರಾತ್ರಿಯೆಲ್ಲ ಬಿಟ್ಟ. ಬೆಳಗ್ಗೆ ಹಾಳೆ ಬಿಚ್ಚಿದಾಗ ಕಪ್ಪು ಪದರ ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ನಿಂತಿತ್ತು. ಪ್ಲಾಸ್ಟಿಕ್ಕಿನ ಪಟ್ಟಿಯಿಂದ ನೂಕಿದರೆ ಅಗಲಗಲ ಚಕ್ಕೆಯಾಗಿ ಬಂತು. ಹಿಡಿಯ ಬುಡದಲ್ಲಿ ಒತ್ತಿದ ಅಕ್ಷರಗಳ ಸಂದಿಯಲ್ಲಿ ಮಾತ್ರ ಹಟ ಹಿಡಿದು ಕೂತಿದ್ದನ್ನು ಹಿತ್ತಾಳೆ ಬ್ರಷ್ಷಿನಿಂದ ಬಿಡಿಸಬೇಕಾಯಿತು.

ಬಣ್ಣ ಸುಟ್ಟು ತೆಗೆದರೆ ಬೇಗ ಎನ್ನುವವರಿದ್ದಾರೆ. ಉಕ್ಕಿನ ಹದ ಬಲ್ಲವರು ಹಾಗೆ ಹೇಳುವುದಿಲ್ಲ. 1095 ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಥಟ್ಟನೆ ತಣಿಸುತ್ತಾರೆ. ಆಗ ಅದು ಗಾಜಿನಷ್ಟು ಪೆಡಸು. ಮತ್ತೆ ಸುಮಾರು 200 ಡಿಗ್ರಿಯ ಆಸುಪಾಸಿನ ಕಾವು ಕೊಟ್ಟು ಪೆಡಸುತನ ಇಳಿಸುತ್ತಾರೆ. ಆ ಕಾವನ್ನು ಮೀರಿ ಬಿಸಿ ಮುಟ್ಟಿಸಿದರೆ ಉಕ್ಕು ಮೆತ್ತಗಾಗುತ್ತ ಹೋಗುತ್ತದೆ. ತಿಕ್ಕಿದ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಕಂಡರೆ 220 ಡಿಗ್ರಿಯ ಸುತ್ತಮುತ್ತ, ನೀಲಿ ಕಂಡರೆ 300ರ ಹತ್ತಿರ. ತೆಳ್ಳನೆಯ ಬಾಯಿಯನ್ನು ಬೆಲ್ಟ್ ಗ್ರೈಂಡರಿಗೆ ಹಿಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿ ಏರುತ್ತದೆ, ಅಲ್ಲಿಗೆ ಆ ಜಾಗದ ಹದ ಮುಗಿಯಿತು. ಊರಿನ ಕುಲುಮೆಯಲ್ಲಿ ಆಚಾರಿ ಮಬ್ಬುಗತ್ತಲಲ್ಲಿ ನಿಂತು ನೋಡುತ್ತಿದ್ದದ್ದೂ ಬಾಯಿಯತ್ತ ಹರಿಯುವ ಇದೇ ಬಣ್ಣವನ್ನು. ಥರ್ಮಾಮೀಟರ್ ಇರಲಿಲ್ಲ, ಲೆಕ್ಕ ತಪ್ಪುತ್ತಿರಲಿಲ್ಲ. ಆದ್ದರಿಂದ ಅವನು ಯಂತ್ರದ ತಂಟೆಗೆ ಹೋಗಲಿಲ್ಲ.

ಬಣ್ಣ ಹೋದ ಮೇಲೆ ಕಂಡದ್ದು ಅಂದದ ಉಕ್ಕಲ್ಲ. ಬೂದು ಬಣ್ಣದ, ಕಲೆಕಲೆಯ, ಗ್ರೈಂಡರಿನ ಅಡ್ಡಗೀರು ತುಂಬಿದ ಮೈ. ಬಣ್ಣ ತುಕ್ಕನ್ನಷ್ಟೇ ತಡೆಯುವುದಿಲ್ಲ, ಕಾರ್ಖಾನೆಗೆ ಕೆಲಸವನ್ನೂ ಉಳಿಸುತ್ತದೆ. ಹೇಗೂ ಮುಚ್ಚಿಹೋಗುವ ಮೈಯನ್ನು ನುಣ್ಣಗೆ ತಿಕ್ಕುವುದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಬೆಲೆ ಜನರ ಕೈಗೆಟುಕುವಂತೆ ಇರುವುದು ಹಾಗೆಯೇ. ಇದನ್ನು ಮೋಸ ಎನ್ನಲಾಗದು. ತಂದೆ ಕೇಳಿದ ಪ್ರಶ್ನೆಗೆ ಮಾತ್ರ ಅರ್ಧ ಉತ್ತರ ಅಲ್ಲಿ ಸಿಕ್ಕಿತು: ಹೌದು, ಕಬ್ಬಿಣ ಕಾಣಬಾರದು ಎಂಬುದೂ ಒಂದು ಕಾರಣ.

ಆ ಬೂದು ಕಲೆಗಳಿಗೆ ಹಿನ್ನೆಲೆಯಿದೆ. ಕುಲುಮೆಯ ಕಾವಿನಲ್ಲಿ ಉಕ್ಕಿನ ಮೇಲ್ಮೈಯ ಇಂಗಾಲ ಗಾಳಿಯ ಆಮ್ಲಜನಕದೊಡನೆ ಸೇರಿ ಹಾರಿಹೋಗುತ್ತದೆ. ಇಂಗಾಲ ಕಳೆದುಕೊಂಡ ತೆಳು ಪದರ ಮೆದು. ಒಳಗಿನ ಉಕ್ಕು ಗಡಸು. ತಿಕ್ಕುವವನಿಗೆ ಇದು ಕೈಯಲ್ಲೇ ತಿಳಿಯುತ್ತದೆ. ಮೊದಮೊದಲು ಎಮರಿ ಪೇಪರ್ ಸಲೀಸಾಗಿ ಕಚ್ಚುತ್ತದೆ, ಪುಡಿ ಕಪ್ಪಗೆ ಬರುತ್ತದೆ. ಆಮೇಲೆ ಒಮ್ಮೆಗೇ ಕಾಗದ ಜಾರತೊಡಗುತ್ತದೆ. ನಿಜವಾದ ಉಕ್ಕು ಸಿಕ್ಕಿತೆಂದು ಅರ್ಥ. ಕಷ್ಟ ಶುರುವಾಗುವುದೂ ಅಲ್ಲಿಂದಲೇ. ಕಲೆ ಪೂರ್ತಿ ಹೋಗುವವರೆಗೆ ಒರಟು ಕಾಗದ ಬಿಡುವಂತಿಲ್ಲ. ಮನೆಯವರು ಮಲಗಿದ ಮೇಲೆ ಗ್ಯಾರೇಜಿನ ಮೇಜಿನ ಮುಂದೆ ನಿಂತು ಅವನು ತಿಕ್ಕಿದ್ದೇ ತಿಕ್ಕಿದ್ದು.

ಮರದ ಹಲಗೆಗೆ ಸಿ-ಕ್ಲ್ಯಾಂಪಿನಿಂದ ಅಲಗನ್ನು ಬಿಗಿದು, ಬಾಯಿ ಹಲಗೆಯಿಂದ ಆಚೆ ಚಾಚದಂತೆ ಕೂರಿಸಿ, ಚಪ್ಪಟೆ ಮರದ ತುಂಡಿಗೆ ಕಾಗದ ಸುತ್ತಿ ತಿಕ್ಕುವುದು ಕ್ರಮ. ಬರಿ ಬೆರಳಿನಲ್ಲಿ ತಿಕ್ಕಿದರೆ ಏಣುಗಳೆಲ್ಲ ಉರುಟಾಗಿ ಚಾಕುವಿನ ಗೆರೆಯೇ ಕೆಡುತ್ತದೆ. ಊರಿನಲ್ಲಿ ಮರದ ಕೊರಡಿನ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಕತ್ತಿ ಮಸೆಯುವುದನ್ನು ಕಂಡವನಿಗೆ ಇದರಲ್ಲಿ ಹೊಸದೇನಿರಲಿಲ್ಲ. ಅಲ್ಲಿ ಪುಡಿ ಬಿಡಿ, ಇಲ್ಲಿ ಕಾಗದಕ್ಕೆ ಅಂಟಿಸಿದ್ದು, ಅಷ್ಟೇ. ಬೆಣಚುಕಲ್ಲಿನ ಬದಲಿಗೆ ಇಲ್ಲಿರುವುದು ಸಿಲಿಕಾನ್ ಕಾರ್ಬೈಡ್. ಎಡ್ವರ್ಡ್ ಅಚೆಸನ್ 1890ರ ದಶಕದ ಆರಂಭದಲ್ಲಿ ವಿದ್ಯುತ್ ಕುಲುಮೆಯಲ್ಲಿ ಅದನ್ನು ಪಡೆದ. ನೀರಿಗೂ ಎಣ್ಣೆಗೂ ಕರಗದ ಅಂಟು ಹಾಕಿ ಅದನ್ನು ಒದ್ದೆಯಲ್ಲೂ ತಿಕ್ಕಬಲ್ಲ ಕಾಗದವಾಗಿ 3ಎಂ ಕಂಪನಿ ಮಾರುಕಟ್ಟೆಗೆ ತಂದದ್ದು 1921ರಲ್ಲಿ. ಗೀರುಗಳ ನಡುವೆ ಪುಡಿ ಕೂತು ಹೊಸ ಗೀರು ಬೀಳದಂತೆ ಎಣ್ಣೆಯೋ ಸೋಪಿನ ನೀರೋ ಹನಿಸುತ್ತ ತಿಕ್ಕಬೇಕು.

ಕಾಗದದ ಹಿಂದಿನ ಅಂಕಿಯನ್ನು ಓದುವಲ್ಲಿ ಒಂದು ಸೂಕ್ಷ್ಮವಿದೆ, ಎಷ್ಟೋ ಜನ ಗಮನಿಸುವುದಿಲ್ಲ. ಅಂಕಿಯ ಮುಂದೆ ‘ಪಿ’ ಇದ್ದರೆ ಅದು ಯುರೋಪಿನ ಅಳತೆ, ಇಲ್ಲದಿದ್ದರೆ ಅಮೆರಿಕದ್ದು. ಪಿ120ರ ಕಣ ಸರಾಸರಿ 125 ಮೈಕ್ರಾನ್, ಪಿ220ರದು 68, ಪಿ400ರದು 35. ಆದರೆ ‘ಪಿ’ ಇಲ್ಲದ ಅಮೆರಿಕದ 400ರ ಕಣ ಸುಮಾರು 23 ಮೈಕ್ರಾನ್ ಮಾತ್ರ, ಯುರೋಪಿನ ಪಿ800ರ ಹತ್ತಿರದ್ದು. ಎರಡು ಬಗೆಯನ್ನೂ ಕಲಸಿಬಿಟ್ಟರೆ, ನುಣುಪಾಯಿತೆಂದುಕೊಂಡ ಮೈ ಮೇಲೆ ಎಲ್ಲಿಂದಲೋ ಆಳದ ಗೀರು ಹಾಜರಾಗುತ್ತದೆ. ಒಂದೇ ಪದ್ಧತಿಯ ಕಾಗದವನ್ನು ಕೊನೆಯವರೆಗೆ ಬಳಸುವುದು ಸರಿಯಾದ ದಾರಿ.

ಒಂದು ಕಾಗದ ಮುಗಿಸಿ ಮುಂದಿನದಕ್ಕೆ ಹೋಗುವಾಗ ತಿಕ್ಕುವ ದಿಕ್ಕನ್ನು ಓರೆಯಾಗಿ ಬದಲಿಸಬೇಕು. ಪಿ120 ಬಲಕ್ಕೆ ಓರೆಯಾದರೆ ಪಿ220 ಎಡಕ್ಕೆ. ಹಳೆಯ ದಿಕ್ಕಿನ ಗೀರು ಒಂದೂ ಉಳಿದಿಲ್ಲ ಎಂದಾದಾಗ ಮಾತ್ರ ಮುಂದಿನ ಕಾಗದ. ಇದನ್ನು ತಲೆಯ ಮೇಲಿನ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿ ಪ್ರಯೋಜನವಿಲ್ಲ. ಕಿಟಕಿಯ ಹತ್ತಿರ ಹಿಡಿದು ಬೆಳಕು ಮಗ್ಗುಲಿನಿಂದ ಸವರಿ ಹೋಗುವಂತೆ ತಿರುಗಿಸಬೇಕು. ಆಗ ಅಡಗಿ ಕೂತ ಗೀರು ಬೆಳ್ಳಿ ಎಳೆಯ ಹಾಗೆ ಕಾಣುತ್ತದೆ. ಬೇಸರ ಬಂದು ಆ ಒಂದು ಗೀರನ್ನು ಬಿಟ್ಟು ಮುಂದೆ ಹೋದವರಿಗೆ ಕೊನೆಯ ಹಂತದಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ.

ಸ್ಯಾಟಿನ್ ಎಂದರೆ ಗೀರಿಲ್ಲದ ಮೈ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಎಲ್ಲ ಗೀರೂ ಒಂದೇ ಆಳ, ಒಂದೇ ದಿಕ್ಕು, ಒಂದಕ್ಕೊಂದು ಸಮಾನಾಂತರ ಇದ್ದಾಗ ಬರುವ ಮಂದ ಹೊಳಪು ಅದು. ಕನ್ನಡಿ ಹೊಳಪಿನಲ್ಲಿ ಮುಖ ಕಾಣುತ್ತದೆ, ಸ್ಯಾಟಿನ್ನಿನಲ್ಲಿ ಬೆಳಕು ಒಂದು ಪಟ್ಟಿಯಾಗಿ ಹರಿಯುತ್ತದೆ. ಕೊನೆಯ ಸುತ್ತಿನಲ್ಲಿ ಹಿಂದೆ ಮುಂದೆ ತಿಕ್ಕುವಂತಿಲ್ಲ. ಹಿಡಿಯ ಬುಡದಿಂದ ತುದಿಯವರೆಗೆ ಒಂದೇ ಎಳೆತ, ಎತ್ತಿ ಮತ್ತೆ ಬುಡದಿಂದ ಶುರು. ಕೈ ನಡುವೆ ನಿಂತರೆ ಅಥವಾ ತುದಿಯಲ್ಲಿ ವಾಪಸು ತಿರುಗಿದರೆ ಗೀರಿನ ಕೊನೆ ಗಾಳದ ಮುಳ್ಳಿನಂತೆ ಬಾಗುತ್ತದೆ. ಅಮೆರಿಕದ ಚಾಕು ಕಸುಬಿನವರು ಅದನ್ನು ಫಿಶ್‌ಹುಕ್ ಎನ್ನುತ್ತಾರೆ. ಕೆಲವೇ ಎಳೆತಕ್ಕೆ ಕಾಗದ ಸವೆಯುತ್ತದೆ, ತಕ್ಷಣ ಹೊಸ ತುಣುಕು ಹಾಕಬೇಕು. ಕಾಗದ ಉಳಿಸಲು ಹೊರಟವರಿಗೆ ಈ ಕೆಲಸ ಒಲಿಯುವುದಿಲ್ಲ. ಮರದ ತುಂಡಿಗೆ ತೆಳುವಾದ ಚರ್ಮ ಅಂಟಿಸಿಕೊಂಡರೆ ಒತ್ತಡ ಎಲ್ಲೆಡೆ ಒಂದೇ ಸಮ ಬೀಳುತ್ತದೆ. ಉಸಿರು ಬಿಗಿಹಿಡಿದು ಎಳೆಯುವ ಆ ಕೊನೆಯ ಎಳೆತಗಳಲ್ಲಿ ಅವನಿಗೆ ಸಿಕ್ಕ ಸುಖವನ್ನು ಆಫೀಸಿನ ಕಂಪ್ಯೂಟರ್ ಯಾವತ್ತೂ ಕೊಟ್ಟಿರಲಿಲ್ಲ.

ಮೈಯ ಅಂದಕ್ಕೆ ಇಷ್ಟು ಬೆವರು ಸುರಿಸಿದರೂ ಕಸುಬಿನವರ ಲೆಕ್ಕದಲ್ಲಿ ಬಲವೇ ಮೊದಲು. 1976ರಲ್ಲಿ ಬಿಲ್ ಮೊರಾನ್ ಮುಂತಾದವರು ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಕಟ್ಟಿದರು. ಅಲ್ಲಿ ಕುಶಲಿ ಎನ್ನಿಸಿಕೊಳ್ಳುವವನ ಚಾಕು ತೂಗುಬಿಟ್ಟ ಹಗ್ಗವನ್ನು ಒಂದೇ ಏಟಿಗೆ ತುಂಡರಿಸಬೇಕು, ಮರದ ರೀಪು ಕಡಿಯಬೇಕು, ಅಷ್ಟಾದ ಮೇಲೂ ತೋಳಿನ ಕೂದಲು ಬೋಳಿಸಬೇಕು, ಕೊನೆಗೆ 90 ಡಿಗ್ರಿ ಬಗ್ಗಿಸಿದರೂ ಮುರಿಯಬಾರದು. ಅದೆಲ್ಲ ಗೆದ್ದ ಮೇಲೆ ಐದು ಚಾಕುಗಳನ್ನು ಹಿರಿಯರ ಮುಂದಿಟ್ಟು ಮೈಯ ಅಚ್ಚುಕಟ್ಟು ತೋರಿಸಬೇಕು. ಅಂದ ಬರುವುದು ಬಲದ ಪರೀಕ್ಷೆ ಮುಗಿದ ಮೇಲೆ. ಈ ಕ್ರಮ ಸರಿಯಾಗಿಯೇ ಇದೆ.

ಬೆತ್ತಲೆ ಉಕ್ಕಿಗೆ ಆರೈಕೆ ಬೇಕು. ಬಳಸಿದ ಕೂಡಲೇ ತೊಳೆದು, ಒರೆಸಿ, ಮಿನರಲ್ ಆಯಿಲ್ ಸವರಬೇಕು. ಸೂರ್ಯಕಾಂತಿಯಂಥ ಅಡುಗೆ ಎಣ್ಣೆಗಳು ದಿನ ಕಳೆದಂತೆ ಅಂಟಂಟಾಗುತ್ತವೆ. ಅಲಿಗೇನಿಯ ಕಾಡಿನಲ್ಲಿ ಹಸಿ ಓಕ್ ಸೀಳಿದ ದಿನ ಅವನ ಸ್ಯಾಟಿನ್ ಅಲಗಿನ ಮೇಲೆ ನೀಲಿಗಪ್ಪು ಮೋಡಗಳು ಮೂಡಿದವು. ಓಕ್ ಮರದ ಟ್ಯಾನಿನ್ ಕಬ್ಬಿಣದೊಡನೆ ಸೇರಿದರೆ ಹುಟ್ಟುವ ಬಣ್ಣ ಅದು. ಅವನಿಗೆ ಅದು ಹೊಸದಲ್ಲ. ಸುಗ್ಗಿಯ ರಾತ್ರಿಗಳಲ್ಲಿ ಮನೆಯ ಜಗಲಿಯ ಮೇಲೆ ಸಾಲಾಗಿ ಕೂತು ಹಸಿ ಅಡಿಕೆ ಸುಲಿಯುವವರ ಮೆಟ್ಟುಗತ್ತಿಗಳೆಲ್ಲ ಇದೇ ಬಣ್ಣಕ್ಕೆ ತಿರುಗುತ್ತಿದ್ದವು. ಅಡಿಕೆಯಲ್ಲೂ ಇರುವುದು ಟ್ಯಾನಿನ್ನೇ, ಅಡಿಕೆ ಬೇಯಿಸಿದ ನೀರಾದ ಚೊಗರಿಗೆ ಒಗರು ಕೊಡುವುದೂ ಅದೇ. ಮೆಟ್ಟುಗತ್ತಿಯ ಕಪ್ಪು ಕೆಲಸದಿಂದ ಬಂದದ್ದು, ಬಿಕೆ2ರ ಕಪ್ಪು ಕಾರ್ಖಾನೆಯಿಂದ ಬಂದಿತ್ತು. ಓಕಿನ ಕಲೆಯನ್ನು ಅವನು ತಿಕ್ಕಿ ತೆಗೆಯಲಿಲ್ಲ. ಕೆಂಪು ತುಕ್ಕು ಉಕ್ಕನ್ನು ತಿನ್ನುತ್ತದೆ, ಆ ಕಪ್ಪು ತಿನ್ನುವುದಿಲ್ಲ.

ಮುಂದೊಂದು ರಜೆಯಲ್ಲಿ ಚಾಕು ಚೆಕ್-ಇನ್ ಲಗೇಜಿನಲ್ಲಿ ಊರಿಗೆ ಬಂತು. ತಂದೆ ಅದನ್ನು ಅಂಗಳದ ಬಿಸಿಲಿಗೆ ಹಿಡಿದು, ಬೆನ್ನಿನಿಂದ ಬಾಯಿಯವರೆಗೆ ಹೆಬ್ಬೆರಳು ಆಡಿಸಿ, ಉಗುರಿನ ಮೇಲೆ ಹರಿತ ನೋಡಿದರು. “ಕಬ್ಬಿಣ ಒಳ್ಳೇದಿದೆ,” ಎಂದರು. ಆಮೇಲೆ ಹಿತ್ತಲಿಗೆ ಹೋಗಿ ಒಂದು ಬಾಳೆಗೊನೆ ಕಡಿದು ತಂದರು. ಬಾಳೆಯ ಸೊನೆ ಒರೆಸದೆ ಇಟ್ಟಿದ್ದಕ್ಕೆ ಮಾರನೆಯ ದಿನ ಅಲಗಿನ ಮೇಲೆ ಇನ್ನೊಂದು ಕಪ್ಪು ಕಲೆ. ಅದೂ ಹಾಗೆಯೇ ಉಳಿಯಿತು.

ಇದನ್ನು ಓದಿ ಯಾರಾದರೂ ತಮ್ಮ ಚಾಕುವಿನ ಬಣ್ಣ ತೆಗೆಯಲು ಹೊರಟರೆ ಮೊದಲು ತಾವಿರುವ ಜಾಗ ನೋಡಿಕೊಳ್ಳಲಿ. ಮೈಸೂರು, ಧಾರವಾಡ, ಕಲಬುರಗಿಯ ಒಣಹವೆಯಲ್ಲಿ ಸ್ಯಾಟಿನ್ ಉಕ್ಕು ಸ್ವಲ್ಪ ಎಣ್ಣೆ ಕಂಡರೆ ಸುಖವಾಗಿರುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಕಡೆ, ಮಳೆಗಾಲದಲ್ಲಿ ದಿನವೂ ಒರೆಸುವ ಶ್ರದ್ಧೆ ಇದ್ದವರು ಮಾತ್ರ ಕೈಹಾಕಬಹುದು. ಮಂಗಳೂರು, ಮಲ್ಪೆ, ಕಾರವಾರದ ಉಪ್ಪುಗಾಳಿಯಲ್ಲಿ ಬಳಸುವ ಕಾರ್ಬನ್ ಉಕ್ಕಿನ ಚಾಕುವಾದರೆ ಬಣ್ಣ ಇದ್ದಂತೆಯೇ ಇರಲಿ. ಅಲ್ಲಿ ಸ್ಯಾಟಿನ್ ಬೇಕೆಂದರೆ ಸ್ಟೇನ್‌ಲೆಸ್ ಚಾಕುವನ್ನೇ ಕೊಳ್ಳುವುದು ಮೇಲು.